ಒರೆಗಾನ್‌ನ ಕಾಳ್ಗಿಚ್ಚು ನಕ್ಷೆ: ಮನೆ ಮನೆಗೆ ಪತ್ರ ಬಂತು, ಆಮೇಲೆ ನಕ್ಷೆಯೇ ರದ್ದಾಯಿತು

2020ರ ಸೆಪ್ಟೆಂಬರ್ 8, ಬೆಳಗ್ಗೆ 11ರ ಹೊತ್ತು. ಅಮೆರಿಕದ ಒರೆಗಾನ್ ರಾಜ್ಯದ ದಕ್ಷಿಣದಲ್ಲಿರುವ ಆಶ್‌ಲ್ಯಾಂಡ್ ಊರಿನ ಅಂಚಿನಲ್ಲಿ ಒಣಹುಲ್ಲಿಗೆ ಬೆಂಕಿ ಬಿತ್ತು. ಗಾಳಿ ಜೋರಾಗಿತ್ತು. ಬೇರ್ ಕ್ರೀಕ್ ಎಂಬ ಹಳ್ಳದ ದಂಡೆಯ ಪೊದೆ, ಮರಗಳನ್ನು ಹಿಡಿದುಕೊಂಡು ಬೆಂಕಿ ಉತ್ತರಕ್ಕೆ ಓಡಿತು. ಪಕ್ಕದ ಟ್ಯಾಲೆಂಟ್, ಅದರಾಚೆಯ ಫೀನಿಕ್ಸ್ ಎಂಬ ಎರಡು ಸಣ್ಣ ಪಟ್ಟಣಗಳನ್ನು ಹೊಕ್ಕಿತು. ಕತ್ತಲಾಗುವಷ್ಟರಲ್ಲಿ ಸುಮಾರು 2,500 ಮನೆಗಳು ಹೋಗಿದ್ದವು. ಮೂವರು ಸತ್ತರು.

ಈ ಬೆಂಕಿ ಸುಟ್ಟ ಜಾಗ ಸುಮಾರು 3,200 ಎಕರೆ ಮಾತ್ರ. ಅಮೆರಿಕದ ಪಶ್ಚಿಮದಲ್ಲಿ ಇದು ತೀರಾ ಸಣ್ಣ ಬೆಂಕಿ. ಅದು ಸುಟ್ಟದ್ದು ಕಾಡನ್ನಲ್ಲ, ಊರನ್ನು. ಹೆದ್ದಾರಿ ಪಕ್ಕದ ಊರು, ಅಂಗಡಿ ಸಾಲು, ಮೊಬೈಲ್ ಹೋಮ್ ಎಂದು ಕರೆಯುವ ಅಗ್ಗದ ಮನೆಗಳ ಕಾಲೋನಿಗಳು. ಆ ಕಣಿವೆಯ ಪಿಯರ್ (ಮರಸೇಬು) ಹಣ್ಣಿನ ತೋಟಗಳಲ್ಲಿ ದುಡಿಯುವ ಲ್ಯಾಟಿನ್ ಅಮೆರಿಕ ಮೂಲದ ಕುಟುಂಬಗಳು, ಪಿಂಚಣಿಯಲ್ಲಿ ಬದುಕುವ ಮುದುಕರು ಅಲ್ಲಿ ಜಾಸ್ತಿ ಇದ್ದರು. ಎಷ್ಟೋ ಜನರಿಗೆ ಇನ್ಶೂರೆನ್ಸ್ ಇರಲಿಲ್ಲ, ಇದ್ದವರಿಗೂ ಸಾಕಾಗುವಷ್ಟು ಇರಲಿಲ್ಲ.

ಅದೇ ವಾರ ರಾಜ್ಯದ ಬೇರೆ ಕಡೆಗಳಲ್ಲೂ ಒಣ ಗಾಳಿಗೆ ಬೆಂಕಿಗಳು ಎದ್ದವು. ಒಟ್ಟು 10 ಲಕ್ಷ ಎಕರೆಗಿಂತ ಜಾಸ್ತಿ ಸುಟ್ಟಿತು. 4,000ಕ್ಕೂ ಹೆಚ್ಚು ಮನೆಗಳು ನಾಶವಾದವು. ಹೊಗೆ ಕವಿದು ಪೋರ್ಟ್‌ಲ್ಯಾಂಡ್ ನಗರದ ಗಾಳಿ ಕೆಲವು ದಿನ ಜಗತ್ತಿನ ದೊಡ್ಡ ನಗರಗಳಲ್ಲೇ ಅತಿ ಕೆಟ್ಟದ್ದು ಎನ್ನಿಸಿಕೊಂಡಿತು. ಪಕ್ಕದ ಹಿಲ್ಸ್‌ಬರೊ, ಬೀವರ್ಟನ್‌ಗಳಲ್ಲಿ ಇಂಟೆಲ್ ಮತ್ತಿತರ ಕಂಪನಿಗಳ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡ ಕುಟುಂಬಗಳೂ ಆ ದಿನಗಳನ್ನು ಕಿಟಕಿ ಮುಚ್ಚಿಕೊಂಡೇ ಕಳೆದವು.

ಈ ಪ್ರಕರಣ ಶುರುವಾಗುವುದು ಆ ವಾರದಿಂದ. ಅಂಥ ನಷ್ಟ ಕಂಡ ರಾಜ್ಯ ಒಂದು ನಕ್ಷೆ ಮಾಡಿಸಿತು. ಎಲ್ಲಿ ಬೆಂಕಿ ಬರುವ ಸಾಧ್ಯತೆ ಹೆಚ್ಚು, ಯಾರ ಮನೆ ಅಂಥ ಜಾಗದಲ್ಲಿದೆ ಎಂದು ತೋರಿಸುವ ನಕ್ಷೆ. ಅದನ್ನು ಒಮ್ಮೆ ಬಿಡುಗಡೆ ಮಾಡಿ ಐದೇ ವಾರದಲ್ಲಿ ಹಿಂದಕ್ಕೆ ಪಡೆಯಿತು. ಎರಡೂವರೆ ವರ್ಷದ ಬಳಿಕ ಮತ್ತೆ ಬಿಡುಗಡೆ ಮಾಡಿತು. ಅದಾಗಿ ಏಳು ತಿಂಗಳೊಳಗೆ ಕಾನೂನಿನಿಂದಲೇ ಅಳಿಸಿ ಹಾಕಿತು. ಈಗ ಆ ಹೊಣೆ ಊರೂರಿನ ಸಿಟಿ ಕೌನ್ಸಿಲ್, ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ತಲೆಗೆ ಬಿದ್ದಿದೆ.

ಸೋತದ್ದು ವಿಜ್ಞಾನ ಎಂದು ಕೆಲವರು ಹೇಳುತ್ತಾರೆ. ಜನರ ಮೊಂಡುತನ ಎಂದು ಇನ್ನು ಕೆಲವರು. ನನಗೆ ಎರಡೂ ಸರಿ ಕಾಣುವುದಿಲ್ಲ. ಆ ನಕ್ಷೆಯಲ್ಲಿ ಮನೆಯವರ ಸ್ವಂತ ದುಡಿಮೆಗೆ ಜಾಗವೇ ಇರಲಿಲ್ಲ. ಅದು ಹೇಗೆ ಎಂದು ಸ್ವಲ್ಪ ವಿವರವಾಗಿ ನೋಡೋಣ.

ಕಾನೂನು ಕೇಳಿದ್ದೇನು

2021ರ ಬೇಸಿಗೆಯಲ್ಲಿ ಒರೆಗಾನ್ ಶಾಸನಸಭೆ ಸೆನೆಟ್ ಬಿಲ್ 762 ಅನ್ನು ಪಾಸು ಮಾಡಿತು. ಆಗ ಗವರ್ನರ್ ಆಗಿದ್ದವರು ಕೇಟ್ ಬ್ರೌನ್. ಮುಂದೆ ನಿಂತು ಬಿಲ್ಲನ್ನು ನಡೆಸಿದವರು ಸೆನೆಟರ್ ಜೆಫ್ ಗೋಲ್ಡನ್. ಅವರ ಊರೇ ಆಶ್‌ಲ್ಯಾಂಡ್. ಸುಮಾರು 20 ಕೋಟಿ ಡಾಲರ್ ಹಣವೂ ಜೊತೆಗೆ ಬಂತು. ಕಾಡಿನಲ್ಲಿ ಒಣ ಕಸ ತಗ್ಗಿಸುವುದು, ಹೊಗೆಯಿಂದ ಜನರನ್ನು ಕಾಪಾಡುವುದು, ಅಗ್ನಿಶಾಮಕ ಪಡೆ ಬಲಪಡಿಸುವುದು, ಹೀಗೆ ಹತ್ತಾರು ಕೆಲಸ ಅದರಲ್ಲಿದ್ದವು. ನಕ್ಷೆ ಆ ಹತ್ತಾರರಲ್ಲಿ ಒಂದು ಅಷ್ಟೇ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಆ ಒಂದೇ.

ನಕ್ಷೆ ಮಾಡುವ ಕೆಲಸ ರಾಜ್ಯದ ಅರಣ್ಯ ಇಲಾಖೆಗೆ ಮತ್ತು ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಿತ್ತು. ಗಡುವು 2022ರ ಜೂನ್ 30. ರಾಜ್ಯದ ಪ್ರತಿಯೊಂದು ಟ್ಯಾಕ್ಸ್ ಲಾಟ್‌ಗೂ, ಅಂದರೆ ನಮ್ಮಲ್ಲಿ ಸರ್ವೆ ನಂಬರ್ ಇರುವ ಹಾಗೆ ತೆರಿಗೆ ಲೆಕ್ಕಕ್ಕೆ ಗುರುತಿಸಿದ ಪ್ರತಿ ತುಂಡು ಜಾಗಕ್ಕೂ, ಒಂದು ದರ್ಜೆ ಕೊಡಬೇಕಿತ್ತು. ಐದು ದರ್ಜೆಗಳು: ಇಲ್ಲ, ಕಡಿಮೆ, ಮಧ್ಯಮ, ಹೆಚ್ಚು, ವಿಪರೀತ.

ಜೊತೆಗೆ ಇನ್ನೊಂದು ಗೆರೆ. ಕಾಡು ಅಥವಾ ಒಣ ಕುರುಚಲು ಇರುವ ಕಡೆ ಮನೆಗಳೂ ಬೆಳೆದಿರುವ ಅಂಚನ್ನು ಬೇರೆಯಾಗಿ ಗುರುತಿಸಬೇಕಿತ್ತು. 40 ಎಕರೆಗೆ ಒಂದು ಕಟ್ಟಡ ಇದ್ದರೂ ಆ ಅಂಚಿಗೆ ಸೇರಬಹುದಿತ್ತು. ಒಂದು ಜಾಗ ಈ ಅಂಚಿನಲ್ಲೂ ಇದ್ದು, 'ಹೆಚ್ಚು' ಅಥವಾ 'ವಿಪರೀತ' ದರ್ಜೆಯಲ್ಲೂ ಇದ್ದರೆ ಮಾತ್ರ ನಿಯಮಗಳು ತಗಲುತ್ತಿದ್ದವು.

ಆ ನಿಯಮಗಳು ಎರಡು. ಹೊಸದಾಗಿ ಕಟ್ಟುವವರು ಬೆಂಕಿ ತಡೆಯುವ ಛಾವಣಿ, ಗೋಡೆ ಹೊದಿಕೆ, ಕಿಡಿ ಒಳಹೋಗದ ಗಾಳಿಕಿಂಡಿ ಹಾಕಬೇಕು. ಕಟ್ಟಡ ನಿಯಮಾವಳಿಯಲ್ಲಿ ಇದಕ್ಕೆ ಆರ್327 ಎಂಬ ಭಾಗವೇ ಇದೆ. ಎರಡನೆಯದು ಈಗಾಗಲೇ ಇರುವ ಮನೆಗಳಿಗೆ. ಮನೆ ಸುತ್ತ ಬೆಂಕಿಗೆ ತಿನ್ನಲು ಏನೂ ಸಿಗದಂತೆ ಜಾಗ ಬಿಡಬೇಕು. ಒಣ ಎಲೆ, ಗೋಡೆಗೆ ತಾಗಿದ ಪೊದೆ, ಜಗುಲಿ ಕೆಳಗಿನ ಸೌದೆ, ಇವೆಲ್ಲ ತೆಗೆಯಬೇಕು. ಹಳೇ ಮನೆಯನ್ನು ಒಡೆದು ಕಟ್ಟಿ ಎಂದು ಯಾರೂ ಹೇಳಿರಲಿಲ್ಲ. ಆದರೆ ಎಷ್ಟೋ ಮನೆಯವರಿಗೆ ಇದು ಕೊನೆವರೆಗೂ ಸರಿಯಾಗಿ ತಲುಪಲೇ ಇಲ್ಲ.

ಕಿಡಿಯ ವಿಷಯ ಇಲ್ಲಿ ಹೇಳಲೇಬೇಕು. ಕಾಳ್ಗಿಚ್ಚಿನಲ್ಲಿ ಮನೆ ಸುಡುವುದು ಎಂದರೆ ಜ್ವಾಲೆಯ ಗೋಡೆ ಬಂದು ಬಡಿಯುವುದು ಎಂದು ನಾವು ಅಂದುಕೊಳ್ಳುತ್ತೇವೆ. ಬಹಳಷ್ಟು ಮನೆಗಳಿಗೆ ಬೆಂಕಿ ಹತ್ತುವುದು ಗಾಳಿಯಲ್ಲಿ ಹಾರಿ ಬರುವ ಕೆಂಡದ ಚೂರುಗಳಿಂದ. ಅವು ಮೈಲಿ ದೂರದಿಂದಲೂ ಬರಬಹುದು. ಛಾವಣಿ ಮೂಲೆಯಲ್ಲಿ ಸೇರಿದ ಎಲೆ, ಗೋಡೆಗೆ ಒತ್ತಿ ಹಾಕಿದ ಮರದ ಚೆಕ್ಕೆ, ಅಟ್ಟದ ಕಿಂಡಿ, ಇಂಥ ಕಡೆ ಬಿದ್ದು ಹೊಗೆಯಾಡಿ ಹತ್ತಿಕೊಳ್ಳುತ್ತವೆ. ಒಂದು ಮನೆ ಹತ್ತಿಕೊಂಡರೆ ಪಕ್ಕದ ಮನೆಗೆ ಅದೇ ಬೆಂಕಿ. ಟ್ಯಾಲೆಂಟ್, ಫೀನಿಕ್ಸ್‌ನಲ್ಲಿ ಬೆಂಕಿ ಮನೆಯಿಂದ ಮನೆಗೆ ದಾಟುತ್ತಾ ಹೋಯಿತು. ಹಾಗಾಗಿ ಮನೆಯ ಗೋಡೆಯಿಂದ ಮೊದಲ ಐದು ಅಡಿಯಲ್ಲಿ ಏನಿದೆ ಎನ್ನುವುದೇ ಬಹಳ ಸಲ ಮನೆಯ ಹಣೆಬರಹ ಬರೆಯುತ್ತದೆ.

ನಕ್ಷೆ ಆ ಐದು ಅಡಿಯನ್ನು ನೋಡುವುದಿಲ್ಲ.

ಅದು ನೋಡುವುದು ಹವಾಮಾನ, ಇಳಿಜಾರು, ಸುತ್ತಲಿನ ಗಿಡಮರ, ಹಿಂದೆ ಬಿದ್ದ ಬೆಂಕಿಗಳು. ಈ ಕಡೆಗೆ ಬೆಂಕಿ ಬರುವ ಸಾಧ್ಯತೆ ಎಷ್ಟು, ಬಂದರೆ ಎಷ್ಟು ಉಗ್ರವಾಗಿರುತ್ತದೆ ಎಂದು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಬೆಂಕಿ ಹಚ್ಚಿ ನೋಡಿ ಲೆಕ್ಕ ಹಾಕುತ್ತದೆ. ಇದು ಸರಿಯಾದ ವಿಜ್ಞಾನವೇ. ಗುಡ್ಡದಾಚೆಯಿಂದ ಬರುವ ಬೆಂಕಿಗೆ ಯಾರ ಅಂಗಳ ಚೊಕ್ಕಟ ಎಂದು ಗೊತ್ತಿರುವುದಿಲ್ಲ. ಆದರೆ ಇದನ್ನು ಒಂದೊಂದು ಮನೆಯ ಜಾಗಕ್ಕೆ ಅಂಟಿಸಿ, ಆ ಮನೆಯವರ ಹೆಸರಿಗೆ ಪತ್ರ ಕಳಿಸಿದಾಗ ಅದರ ಅರ್ಥವೇ ಬೇರೆಯಾಯಿತು.

2022: ಐದು ವಾರ

ಜೂನ್ 30ಕ್ಕೆ ನಕ್ಷೆ ಬಂತು. ಸುಮಾರು 80,000 ಜಾಗಗಳ ಮಾಲೀಕರಿಗೆ ಪತ್ರ ಹೋಯಿತು. ನಿಮ್ಮ ಜಾಗ ಇಂಥ ದರ್ಜೆಯಲ್ಲಿದೆ, ಮುಂದೆ ನಿಯಮಗಳು ಬರಲಿವೆ, ಒಪ್ಪಿಗೆ ಇಲ್ಲದಿದ್ದರೆ 60 ದಿನದೊಳಗೆ ಮೇಲ್ಮನವಿ ಹಾಕಿ, ಇದು ಸಾರ.

ಆ ನಿಯಮಗಳು ಏನು? ಆಗ ಅವು ಇನ್ನೂ ಪೂರ್ತಿ ಬರೆದಾಗಿರಲಿಲ್ಲ. ಖರ್ಚು ಎಷ್ಟು, ಯಾರು ಕೊಡುತ್ತಾರೆ, ಅದೂ ಗೊತ್ತಿಲ್ಲ. ಇನ್ಶೂರೆನ್ಸ್ ಏನಾಗುತ್ತದೆ, ಪತ್ರದಲ್ಲಿ ಅದಕ್ಕೂ ನೆಮ್ಮದಿಯ ಉತ್ತರ ಇಲ್ಲ. ಜೀವಮಾನದ ದುಡಿಮೆ ಹಾಕಿ ಕಟ್ಟಿದ ಮನೆ. ಅದರ ಮೇಲೆ ಸರ್ಕಾರ ಒಂದು ಮುದ್ರೆ ಒತ್ತಿ, ಮುಂದಿನದು ಆಮೇಲೆ ಹೇಳುತ್ತೇವೆ ಅಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಸಿಟ್ಟಿಗೆ ಕಾರಣ ಒಂದೇ ಇರಲಿಲ್ಲ. ಅವುಗಳಲ್ಲಿ ಕೆಲವಕ್ಕೆ ಗಟ್ಟಿ ಆಧಾರವಿತ್ತು. ರೈತರು ಹೇಳಿದರು: ಬೇಸಿಗೆಯಿಡೀ ನೀರು ಹಾಯಿಸುವ ಹಸಿ ಹುಲ್ಲುಗಾವಲು ನಮ್ಮದು, ಅದು ಹೇಗೆ 'ಹೆಚ್ಚು' ದರ್ಜೆಗೆ ಬಂತು? ಅವರ ಮಾತಿನಲ್ಲಿ ಸತ್ಯ ಇತ್ತು. ಮೇಲಿನಿಂದ ತೆಗೆದ ಮಾಹಿತಿಯಲ್ಲಿ ಹುಲ್ಲು ಹುಲ್ಲಾಗಿಯೇ ಕಾಣುತ್ತದೆ, ಅದಕ್ಕೆ ನೀರು ಕಟ್ಟುವವರು ಕಾಣುವುದಿಲ್ಲ. ಬೇಲಿಯಾಚೆಯ ಜಾಗ ಒಂದು ದರ್ಜೆ, ಈಚೆಯದು ಇನ್ನೊಂದು ಎಂಬ ದೂರೂ ಬಂತು. ಇಡೀ ಪ್ರದೇಶದ ಲೆಕ್ಕವನ್ನು ಬೇಲಿ ಬೇಲಿಗೆ ಕತ್ತರಿಸಿದರೆ ಇಂಥದ್ದು ಆಗದೇ ಇರುವುದಿಲ್ಲ.

ಆದರೆ ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ದೂರು. ವರ್ಷಗಳಿಂದ ಮರದ ಕೆಳಕೊಂಬೆ ಕಡಿದು, ತಗಡಿನ ಛಾವಣಿ ಹಾಕಿಸಿ, ಸುತ್ತ ಜಲ್ಲಿ ಹರಡಿ, ಮಾಡಬೇಕಾದ್ದನ್ನೆಲ್ಲ ಮಾಡಿದ ಮನೆಯವರು ಕೇಳಿದರು, ನಮ್ಮನ್ನೂ ಏನೂ ಮಾಡದ ಪಕ್ಕದವರನ್ನೂ ಒಂದೇ ದರ್ಜೆಗೆ ಹಾಕಿದ್ದೀರಲ್ಲ? ಅಧಿಕಾರಿಗಳ ಉತ್ತರ ತಾಂತ್ರಿಕವಾಗಿ ಸರಿಯಾಗಿತ್ತು. ನಕ್ಷೆ ಪರಿಸರದ್ದು, ಮನೆಯದ್ದಲ್ಲ. ಮೇಲ್ಮನವಿ ಹಾಕಿದರೂ ಅಂಗಳ ಚೊಕ್ಕಟ ಇದೆ ಎಂಬ ಕಾರಣಕ್ಕೆ ದರ್ಜೆ ಬದಲಾಗುವುದಿಲ್ಲ. ಅಂದರೆ ಒಬ್ಬ ಮನೆಯಾಕೆ ಎಷ್ಟು ದುಡಿದರೂ ಆ ಕಾಗದದ ಮೇಲಿನ ಮಾತು ಅಲ್ಲಾಡುವುದಿಲ್ಲ. ಮನೆ ಉಳಿಸಿಕೊಳ್ಳಲು ಆಕೆ ದುಡಿಯಬೇಕು ಎಂಬುದೇ ಕಾನೂನಿನ ಆಸೆ. ಆ ದುಡಿಮೆ ಲೆಕ್ಕಕ್ಕಿಲ್ಲ ಎಂದು ಹೇಳಿದ್ದೂ ಅದೇ ಕಾನೂನಿನ ಪತ್ರ.

ಇನ್ಶೂರೆನ್ಸ್ ವಿಷಯ ಇದಕ್ಕಿಂತ ಗೋಜಲು. ಅದೇ ಹೊತ್ತಿಗೆ ಪಶ್ಚಿಮದ ರಾಜ್ಯಗಳಲ್ಲೆಲ್ಲ ಪ್ರೀಮಿಯಂ ಏರುತ್ತಿತ್ತು. ಕೆಲವರ ಪಾಲಿಸಿ ನವೀಕರಣವೇ ಆಗಲಿಲ್ಲ. ಕಂಪನಿಯ ಪತ್ರ ಒಂದು ಕೈಯಲ್ಲಿ, ಸರ್ಕಾರದ ಪತ್ರ ಇನ್ನೊಂದು ಕೈಯಲ್ಲಿ. ಒಂದು ಇನ್ನೊಂದರಿಂದ ಬಂತು ಎಂದು ಅಂದುಕೊಳ್ಳುವುದು ಸಹಜ. ರಾಜ್ಯದ ಹಣಕಾಸು ನಿಯಂತ್ರಣ ವಿಭಾಗ ಕಂಪನಿಗಳಿಂದ ಅಧಿಕೃತವಾಗಿ ಮಾಹಿತಿ ಕೇಳಿತು. ಯಾರೂ ಸರ್ಕಾರದ ನಕ್ಷೆ ಬಳಸಿ ದರ ಏರಿಸಿಲ್ಲ ಎಂಬ ಉತ್ತರ ಬಂತು. ಕಂಪನಿಗಳ ಬಳಿ ಅವರದೇ ಲೆಕ್ಕಗಳು ಆಗಲೇ ಇದ್ದವು, ಸರ್ಕಾರದ ನಕ್ಷೆಗಿಂತ ಎಷ್ಟೋ ಮೊದಲಿನಿಂದ. ಆ ಲೆಕ್ಕಗಳು ಮನೆಯವರಿಗೆ ಕಾಣುವುದಿಲ್ಲ, ಅವಕ್ಕೆ ಮೇಲ್ಮನವಿಯೂ ಇಲ್ಲ. ಕಣ್ಣಿಗೆ ಕಂಡದ್ದು ಸರ್ಕಾರದ ನಕ್ಷೆ. ಬೈಗುಳವೂ ಅದಕ್ಕೇ ಬಿತ್ತು.

ಜುಲೈ ಕೊನೆಯಲ್ಲಿ ಗ್ರ್ಯಾಂಟ್ಸ್ ಪಾಸ್ ಎಂಬ ಊರಿನಲ್ಲಿ ಇಟ್ಟುಕೊಂಡಿದ್ದ ಸಾರ್ವಜನಿಕ ಸಭೆಯನ್ನು ಹಿಂಸೆಯ ಬೆದರಿಕೆ ಬಂದಿದ್ದರಿಂದ ನಿಲ್ಲಿಸಬೇಕಾಯಿತು. ಸಭೆ ಆನ್‌ಲೈನ್‌ಗೆ ಹೋಯಿತು. ನೂರಾರು ಮೇಲ್ಮನವಿಗಳು ಬಂದವು. ಆಗಸ್ಟ್ 4ರಂದು ರಾಜ್ಯದ ಅರಣ್ಯಾಧಿಕಾರಿ ಕ್ಯಾಲ್ ಮುಕುಮೊಟೊ ನಕ್ಷೆಯನ್ನು ಹಿಂದಕ್ಕೆ ಪಡೆದರು.

ಸರಿಪಡಿಸುವ ಯತ್ನ

ಆಮೇಲೆ ಸರ್ಕಾರ ಸುಮ್ನೆ ಕೂರಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು. 2023ರಲ್ಲಿ ಎರಡು ಕಾನೂನು ಬಂದವು. ಸೆನೆಟ್ ಬಿಲ್ 80 ನಕ್ಷೆಯ ಹೆಸರನ್ನೇ ಬದಲಿಸಿತು. ನಿಮ್ಮ ಮನೆಗೆ ಆಗುವ ನಷ್ಟವನ್ನು ಇದು ಹೇಳುವುದಿಲ್ಲ, ಸುತ್ತಲಿನ ಬೆಂಕಿಯ ಅಪಾಯವನ್ನಷ್ಟೇ ಹೇಳುತ್ತದೆ ಎಂದು ಸ್ಪಷ್ಟ ಮಾಡಿತು. ಐದು ದರ್ಜೆಗಳು ಮೂರಾದವು: ಕಡಿಮೆ, ಮಧ್ಯಮ, ಹೆಚ್ಚು.

ಸೆನೆಟ್ ಬಿಲ್ 82 ಇನ್ಶೂರೆನ್ಸ್ ಬಗ್ಗೆ. ರಾಜ್ಯದ ನಕ್ಷೆ ತೋರಿಸಿ ಯಾವ ಕಂಪನಿಯೂ ಪಾಲಿಸಿ ರದ್ದು ಮಾಡಬಾರದು, ನವೀಕರಣ ನಿಲ್ಲಿಸಬಾರದು, ದರ ಏರಿಸಬಾರದು. ಕಾಳ್ಗಿಚ್ಚಿನ ಕಾರಣಕ್ಕೆ ಅಂಥ ತೀರ್ಮಾನ ಮಾಡಿದರೆ ಯಾಕೆ ಮಾಡಿದೆವು ಎಂದು ಮನೆಯವರಿಗೆ ತಿಳಿಸಬೇಕು, ಮನೆಯವರು ಏನು ಮಾಡಿದರೆ ಉಪಯೋಗವಾಗುತ್ತದೆ ಎಂದೂ ಹೇಳಬೇಕು. ಈ ಇಡೀ ಪ್ರಕರಣದಲ್ಲಿ ಮನೆಯವರ ಕೈಗೆ ನಿಜವಾಗಿ ಸಿಕ್ಕ ಸಾಧನ ಎಂದರೆ ಇದು. ಆದರೆ ಮೊದಲ ನಕ್ಷೆ ಬಿದ್ದು ಒಂದು ವರ್ಷವಾದ ಮೇಲೆ ಬಂತು. 2022ರ ಜೂನ್ ಪತ್ರದ ಜೊತೆಗೇ ಬಂದಿದ್ದರೆ ಕತೆ ಬೇರೆ ಇರುತ್ತಿತ್ತು ಅನ್ನಿಸುತ್ತದೆ.

ಹೊಸ ನಕ್ಷೆಯಲ್ಲಿ ನೀರಾವರಿ ಜಮೀನಿನ ಲೆಕ್ಕ ಸರಿಪಡಿಸಿದರು. ಅಧಿಕಾರಿಗಳು, ವಿಜ್ಞಾನಿಗಳು ಊರೂರಿಗೆ ಹೋಗಿ ಮೊದಲೇ ಕೂತು ಮಾತಾಡಿದರು. 2024ರ ಜುಲೈ 18ರಂದು ಕರಡು ಹೊರಬಂತು. ಅಗ್ನಿಶಾಮಕ ಇಲಾಖೆಯವರು ಕೇಳಿದ ಮನೆಗೆ ಪುಕ್ಕಟೆ ಬಂದು ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದರು. ಕೆಲವು ಕಡೆ ಕೆಲಸ ಮಾಡಿಕೊಳ್ಳಲು 250 ಡಾಲರ್ ನೆರವೂ ಇತ್ತು. ಅಲ್ಲಿ ಒಂದು ದೊಡ್ಡ ಮರ ಇಳಿಸಲು ಸಾವಿರ ಡಾಲರ್‌ಗಿಂತ ಜಾಸ್ತಿ ಆಗಬಹುದು. ಗುಡ್ಡದ ಮೇಲೆ ಒಂಟಿಯಾಗಿರುವ ಎಪ್ಪತ್ತೈದರ ಮುದುಕಿಗೆ ಈ 250 ಡಾಲರ್ ಎಲ್ಲಿಗೆ ಸಾಕು?

ಅದೇ 2024ರ ಬೇಸಿಗೆಯಲ್ಲಿ ಒರೆಗಾನ್‌ನಲ್ಲಿ ಸುಮಾರು 19 ಲಕ್ಷ ಎಕರೆ ಸುಟ್ಟಿತು. ರಾಜ್ಯದ ದಾಖಲೆಯಲ್ಲೇ ಅತಿ ಹೆಚ್ಚು. ಬಹುಪಾಲು ಪೂರ್ವದ ಹುಲ್ಲುಗಾವಲು, ಕುರುಚಲು ನಾಡು. ದನ ಸಾಕುವವರು ಮೇವು, ಬೇಲಿ, ಹಿಂಡುಗಳನ್ನೇ ಕಳೆದುಕೊಂಡರು. ಜನರಿಗೆ ಬೆಂಕಿಯ ಭಯ ಇರಲಿಲ್ಲ ಎನ್ನುವಂತಿಲ್ಲ. ಭಯ ಎಲ್ಲರಿಗೂ ಇತ್ತು, ನಂಬಿಕೆ ಇರಲಿಲ್ಲ ಅಷ್ಟೇ.

ಅಂತಿಮ ನಕ್ಷೆ ಹೊರಬಂದದ್ದು 2025ರ ಜನವರಿ 7ರಂದು. ಅದೇ ದಿನ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್‌ನಲ್ಲಿ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳು ಎದ್ದವು. ಆ ಎರಡು ಬೆಂಕಿಗಳಲ್ಲಿ 16,000ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಇತ್ತ ಒರೆಗಾನ್‌ನಲ್ಲಿ ಸುಮಾರು 1,06,000 ಜಾಗಗಳು, ಅಂದರೆ ರಾಜ್ಯದ ಒಟ್ಟು ಜಾಗಗಳಲ್ಲಿ ನೂರಕ್ಕೆ ಆರರಷ್ಟು, 'ಹೆಚ್ಚು' ದರ್ಜೆಗೂ ಕಾಡಂಚಿಗೂ ಸೇರಿದ್ದವು. ಆ ಮಾಲೀಕರಿಗೆಲ್ಲ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹೋಯಿತು. ಟಿ.ವಿ.ಯಲ್ಲಿ ಲಾಸ್ ಏಂಜಲೀಸ್ ಉರಿಯುತ್ತಿದೆ, ಮನೆ ಬಾಗಿಲಲ್ಲಿ ಸಹಿ ಹಾಕಿಸಿಕೊಂಡು ಈ ಪತ್ರ ಕೈಗೆ ಬರುತ್ತಿದೆ. ಇದರಿಂದ ಜನ ಎಚ್ಚರವಾಗುತ್ತಾರೆ ಎಂದು ಯಾರಾದರೂ ಅಂದುಕೊಂಡಿರಬಹುದು. ಜನಕ್ಕೆ ಬಂದದ್ದು ಹೆದರಿಕೆ ಮತ್ತು ಸಿಟ್ಟು.

ಮನೆಯ ಬೆಲೆ ಬಿದ್ದುಹೋಗುತ್ತದೆ, ಭೂದಾಖಲೆಯಲ್ಲೇ ಇದು ಸೇರಿಬಿಡುತ್ತದೆ ಎಂಬ ವದಂತಿಗಳು ಹಬ್ಬಿದವು. ಇನ್ಶೂರೆನ್ಸ್ ಕಂಪನಿ ಈ ನಕ್ಷೆ ಬಳಸುವಂತಿಲ್ಲ ಎಂದು ಕಾನೂನೇ ಇದ್ದರೂ ನಂಬಿದವರು ಕಡಿಮೆ. ಯಾಕೆಂದರೆ ಪ್ರೀಮಿಯಂ ಏರುವುದಂತೂ ನಿಂತಿರಲಿಲ್ಲ. ಗ್ರಾಮೀಣ ಕೌಂಟಿಗಳ ಕಮಿಷನರುಗಳು ಬಹಿರಂಗವಾಗಿ ನಕ್ಷೆಯ ವಿರುದ್ಧ ನಿಂತರು. ಫೆಬ್ರವರಿಯಲ್ಲಿ ಗವರ್ನರ್ ಟೀನಾ ಕೋಟೆಕ್, ಶಾಸನಸಭೆ ಒಂದು ತೀರ್ಮಾನಕ್ಕೆ ಬರುವವರೆಗೆ ಮೇಲ್ಮನವಿಗಳ ಇತ್ಯರ್ಥ ತಡೆಹಿಡಿಯಲು ಹೇಳಿದರು.

ಆಮೇಲಿನದ್ದು ಬೇಗ ಮುಗಿಯಿತು. ಸೆನೆಟ್ ಬಿಲ್ 83 ಬಂತು. ಏಪ್ರಿಲ್‌ನಲ್ಲಿ ಸೆನೆಟ್ ಒಮ್ಮತದಿಂದ ಪಾಸು ಮಾಡಿತು. ಜೂನ್‌ನಲ್ಲಿ ಕೆಳಮನೆಯಲ್ಲಿ 50 ಮತ ಪರ, ಒಂದು ಮತ ವಿರುದ್ಧ. ಜುಲೈನಲ್ಲಿ ಗವರ್ನರ್ ಸಹಿ ಬಿತ್ತು. ನಾಲ್ಕು ವರ್ಷ ಹಿಂದೆ ನಕ್ಷೆಯ ಕಾನೂನನ್ನು ಹೊತ್ತು ನಡೆದ ಗೋಲ್ಡನ್ ಅವರೇ ಈಗ ಅದರ ರದ್ದತಿಗೂ ಒಪ್ಪಿದರು. ನಕ್ಷೆ ಇರುವವರೆಗೆ ಬೆಂಕಿಯ ಬಗ್ಗೆ ಬೇರೆ ಯಾವ ಮಾತೂ ನಡೆಯುವುದಿಲ್ಲ ಎಂಬ ಸ್ಥಿತಿ ಅಷ್ಟರಲ್ಲಿ ಬಂದಿತ್ತು.

ಈಗ ಹೊಣೆ ಊರಿನದ್ದು

ಹೊಸ ಕಾನೂನಿನ ಪ್ರಕಾರ ರಾಜ್ಯ ಮಾದರಿ ನಿಯಮ ಬರೆದಿಡುತ್ತದೆ. ಮನೆ ಸುತ್ತ ಜಾಗ ಬಿಡುವುದಕ್ಕೆ ಅಗ್ನಿಶಾಮಕ ಇಲಾಖೆಯದ್ದು ಒಂದು, ಕಟ್ಟಡಕ್ಕೆ ಇನ್ನೊಂದು. ಅವನ್ನು ಜಾರಿಗೆ ತರಬೇಕೋ ಬೇಡವೋ ಆಯಾ ನಗರ, ಕೌಂಟಿ ತೀರ್ಮಾನಿಸಬೇಕು. ಬೇಕಿದ್ದರೆ ಯಾವ ಭಾಗಕ್ಕೆ ಅನ್ವಯ ಎಂದು ಗೆರೆಯನ್ನೂ ತಾವೇ ಎಳೆದುಕೊಳ್ಳಬಹುದು.

ಇದು ಆಗದ ಮಾತೇನಲ್ಲ. ಆಶ್‌ಲ್ಯಾಂಡನ್ನೇ ನೋಡಿ. ಸುಮಾರು 21,000 ಜನರ ಊರು. ಅಲ್ಲಿ ಮೊದಲು ಗುಡ್ಡದ ಬದಿಯ ಬಡಾವಣೆಗಳನ್ನಷ್ಟೇ ಬೆಂಕಿ ವಲಯ ಎಂದು ಗುರುತಿಸಿದ್ದರು. 2018ರಲ್ಲಿ ಸಿಟಿ ಕೌನ್ಸಿಲ್ ಇಡೀ ಊರನ್ನೇ ವಲಯಕ್ಕೆ ಸೇರಿಸಿತು. ಸುಲಭವಾಗಿ ಹತ್ತಿಕೊಳ್ಳುವ ಗಿಡಗಳ ಪಟ್ಟಿ ಮಾಡಿ, ಇವನ್ನು ಮನೆ ಹತ್ತಿರ ಹೊಸದಾಗಿ ನೆಡಬೇಡಿ ಎಂದಿತು. ಹೊಸದಾಗಿ ಕಟ್ಟುವವರು ಸುತ್ತ ಸುಡುವ ವಸ್ತು ತಗ್ಗಿಸಬೇಕು ಎಂದಿತು.

ಅಲ್ಲಿ ಯಾಕೆ ದೊಡ್ಡ ಗಲಾಟೆ ಆಗಲಿಲ್ಲ? ಒಂದು ಕಾರಣ ನನಗೆ ಹೀಗೆ ಕಾಣುತ್ತದೆ. ಊರಿಡೀ ಒಂದೇ ವಲಯ ಆದಾಗ ಬೇಲಿಯಾಚೆ, ಬೇಲಿಯೀಚೆ ಎಂಬ ಜಗಳವೇ ಇಲ್ಲ. ನಿನ್ನ ಮನೆಗೆ ಮುದ್ರೆ, ನನ್ನದಕ್ಕೆ ಇಲ್ಲ ಎನ್ನುವ ಪ್ರಶ್ನೆ ಏಳುವುದಿಲ್ಲ. ಇನ್ನೊಂದು, ಆ ಊರು ಅದಕ್ಕೂ ಮೊದಲು ಬಹಳ ಕೆಲಸ ಮಾಡಿತ್ತು. 2010ರಿಂದ ಊರಿಗೆ ಕುಡಿಯುವ ನೀರು ಕೊಡುವ ಕಾಡಿನಲ್ಲಿ ಕೇಂದ್ರ ಸರ್ಕಾರದ ಅರಣ್ಯ ಇಲಾಖೆ, ನಗರ, ಸಂಘಸಂಸ್ಥೆಗಳು ಸೇರಿ ಒಣ ಕಸ ತಗ್ಗಿಸುತ್ತಿದ್ದವು. ಬಡಾವಣೆಗಳಲ್ಲಿ ನೆರೆಹೊರೆಯವರು ಕೂಡಿ ಅಂಗಳ ಚೊಕ್ಕಟ ಮಾಡುವ ಗುಂಪುಗಳಿದ್ದವು. ಬೇಸಿಗೆಯ ಹೊಗೆಗೆ ಅಲ್ಲಿನ ಹೆಸರಾಂತ ಶೇಕ್ಸ್‌ಪಿಯರ್ ನಾಟಕೋತ್ಸವದ ಬಯಲು ಪ್ರದರ್ಶನಗಳು ನಿಂತು ಊರಿನ ದುಡಿಮೆಗೇ ಪೆಟ್ಟು ಬಿದ್ದಿತ್ತು. ಬೆಂಕಿಯ ಮಾತು ಮೊದಲು ಬಂತು, ನಕ್ಷೆ ಆಮೇಲೆ.

ಆದರೆ ಆಶ್‌ಲ್ಯಾಂಡ್ ಅನುಕೂಲಸ್ಥ ಊರು. ಪ್ರವಾಸಿಗಳ ಹಣ ಇದೆ, ವಿಶ್ವವಿದ್ಯಾಲಯ ಇದೆ, ನಗರದ್ದೇ ಆದ ಅಗ್ನಿಶಾಮಕ ಇಲಾಖೆಯಲ್ಲಿ ಇದೇ ಕೆಲಸಕ್ಕೆ ಜನ ಇದ್ದಾರೆ. ಟ್ಯಾಲೆಂಟ್, ಫೀನಿಕ್ಸ್‌ಗಳಿಗೆ ಆ ಅನುಕೂಲ ಇಲ್ಲ. 2020ರ ಆ ದಿನ ಗಾಳಿ ಉತ್ತರಕ್ಕೆ ಬೀಸಿದ್ದರಿಂದ ಬೆಂಕಿ ಹುಟ್ಟಿದ ಊರು ಬಹುತೇಕ ಉಳಿಯಿತು, ಮುಂದಿನ ಊರುಗಳು ಸುಟ್ಟವು. ಮನೆ ಮತ್ತೆ ಕಟ್ಟಿಕೊಳ್ಳುವಾಗ ಬೆಂಕಿ ತಡೆಯುವ ಸಾಮಗ್ರಿ ಹಾಕಿದವರಿಗೆ ರಾಜ್ಯ ಹಣದ ನೆರವು ಕೊಟ್ಟಿತು. ಅದಕ್ಕೆ ಯಾರೂ ಬೆದರಿಕೆ ಹಾಕಲಿಲ್ಲ, ಮೇಲ್ಮನವಿ ಬರಲಿಲ್ಲ. ಕೆಲಸ ಮಾಡಿದವರಿಗೆ ಹಣ ಎಂಬ ಸರಳ ಏರ್ಪಾಡು.

ಪಕ್ಕದ ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿದಿದೆ. 1991ರಲ್ಲಿ ಓಕ್‌ಲ್ಯಾಂಡ್ ಗುಡ್ಡಗಳ ಬೆಂಕಿಯಲ್ಲಿ 25 ಜನ ಸತ್ತರು. ಮರುವರ್ಷ ಬರ್ಕ್‌ಲಿಯ ಶಾಸಕ ಟಾಮ್ ಬೇಟ್ಸ್ ತಂದ ಕಾನೂನಿನಿಂದ ಅಲ್ಲಿನ ನಗರಗಳಿಗೂ ನಕ್ಷೆಗಳ ಪದ್ಧತಿ ಬಂತು. 2025ರ ಫೆಬ್ರವರಿ 10ರಿಂದ ಮಾರ್ಚ್ 24ರ ನಡುವೆ ನಾಲ್ಕು ಕಂತಿನಲ್ಲಿ ಹೊಸ ನಕ್ಷೆಗಳು ಬಂದವು. ಪ್ರತಿ ನಗರವೂ 30 ದಿನದೊಳಗೆ ಅದನ್ನು ಜನರ ಮುಂದಿಡಬೇಕು, 120 ದಿನದೊಳಗೆ ಸ್ಥಳೀಯ ಕಾನೂನಾಗಿ ಪಾಸು ಮಾಡಬೇಕು. ಕೌನ್ಸಿಲ್ ಒಂದು ಜಾಗದ ದರ್ಜೆಯನ್ನು ಏರಿಸಬಹುದು, ಇಳಿಸುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಗುಡ್ಡದ ಬದಿಯ ಊರುಗಳಲ್ಲಿ ಮನೆ ಕೊಂಡವರಲ್ಲಿ ಕನ್ನಡಿಗರೂ ಇದ್ದಾರೆ. ಮನೆ ಮಾರುವಾಗ ಈ ವಲಯದ ವಿಷಯವನ್ನು ಕೊಳ್ಳುವವರಿಗೆ ತಿಳಿಸಲೇಬೇಕು ಎಂಬುದು ಅವರಿಗೂ ತಗಲುವ ನಿಯಮ. ಅಲ್ಲೂ ಸಭೆಗಳಲ್ಲಿ ಜನ ಸಿಟ್ಟಾದರು. ಆದರೂ ಕೌನ್ಸಿಲ್ ಸದಸ್ಯರ ಕೈ ಕಟ್ಟಿತ್ತು. ಸ್ಥಳೀಯ ಸರ್ಕಾರಕ್ಕೆ ಆಯ್ಕೆ ಇಲ್ಲದಿದ್ದರೆ ನಕ್ಷೆ ಉಳಿಯುತ್ತದೆ, ಜನರ ದೂರು ಕೇಳಲು ಮಾತ್ರ ಯಾರೂ ಇರುವುದಿಲ್ಲ. ಒರೆಗಾನ್‌ನಲ್ಲಿ ಈಗ ಅದಕ್ಕೆ ತಿರುಗುಮುರುಗು. ಆಯ್ಕೆ ಪೂರ್ತಿ ಊರಿನದ್ದು, ಅದನ್ನು ನಡೆಸಲು ಬೇಕಾದ ಹಣ, ತಜ್ಞರು ಎಲ್ಲ ಊರಲ್ಲೂ ಇಲ್ಲ.

ಒಂದು ಸಣ್ಣ ಪಟ್ಟಣದ ಕೌನ್ಸಿಲ್ ಈ ವರ್ಷ ಏನನ್ನು ಎದುರಿಸುತ್ತದೆ ಎಂದು ಯೋಚಿಸಿ. ಆರ್327 ಪಾಸು ಮಾಡಿದರೆ ಹೊಸ ಮನೆಗಳ ಖರ್ಚು ಸ್ವಲ್ಪ ಏರುತ್ತದೆ. ಮನೆಗಳ ಕೊರತೆ ಇರುವ ರಾಜ್ಯದಲ್ಲಿ ಬಿಲ್ಡರುಗಳು ವಿರೋಧಿಸುತ್ತಾರೆ. ಹಳೇ ಮನೆಗಳ ಅಂಗಳಕ್ಕೆ ನಿಯಮ ತಂದರೆ, ರಾಜ್ಯದ ನಕ್ಷೆಯನ್ನು ಓಡಿಸಿದ್ದೇ ತಮ್ಮ ಗೆಲುವು ಎಂದುಕೊಂಡ ಜನ ಸಭೆಗೆ ಬರುತ್ತಾರೆ. ಇದನ್ನೆಲ್ಲ ಸಂಬಳವಿಲ್ಲದೆಯೋ ಅಲ್ಪ ಗೌರವಧನಕ್ಕೋ ದುಡಿಯುವ ಕೌನ್ಸಿಲರುಗಳು ನಿಭಾಯಿಸಬೇಕು. ಒಂದು ಊರು ನಿಯಮ ತಂದು ಪಕ್ಕದ ಊರು ತರದಿದ್ದರೆ, ಎರಡರ ನಡುವೆ ಬೇರ್ ಕ್ರೀಕ್‌ನಂಥ ಹಳ್ಳ ಹರಿಯುತ್ತಲೇ ಇರುತ್ತದೆ, ದಂಡೆಯ ಪೊದೆ ಸಮೇತ.

ನನಗೆ ಈ ಕೌನ್ಸಿಲುಗಳ ಮೇಲೆ ಆಸೆ ಇದೆ. ಅವರು ಆಶ್‌ಲ್ಯಾಂಡ್ ಹಾಗೆ ಊರಿಡೀ ಒಂದೇ ನಿಯಮ ಎನ್ನಬಹುದು. ಮೊದಲ ಐದು ಅಡಿಯಿಂದ ಶುರು ಮಾಡಬಹುದು, ಅದು ಅಗ್ಗ, ಉಪಯೋಗ ಜಾಸ್ತಿ. ಮುದುಕರಿಗೆ, ಕೈಲಾಗದವರಿಗೆ ಊರಿನ ಗುಂಪು ಹೋಗಿ ಕೊಂಬೆ ಕಡಿದು ಕೊಡಬಹುದು. ಮುಖ್ಯವಾಗಿ, ಪರಿಶೀಲನೆ ಆದ ಮನೆಗೆ 'ಇಲ್ಲಿ ಕೆಲಸ ಆಗಿದೆ' ಎಂದು ಬರೆದುಕೊಡಬಹುದು. ರಾಜ್ಯದ ನಕ್ಷೆ ಎಂದೂ ಕೊಡದಿದ್ದ ಕಾಗದ ಅದು.

ಅಂಥ ಕಾಗದಕ್ಕೆ ಉಪಯೋಗವೂ ಇದೆ. ಸೆನೆಟ್ ಬಿಲ್ 83 ನಕ್ಷೆಯನ್ನು ತೆಗೆಯಿತು. ಇನ್ಶೂರೆನ್ಸ್ ಕಂಪನಿಗಳ ಒಳಗಿನ ಲೆಕ್ಕಗಳನ್ನು ಅದು ಮುಟ್ಟಿಲ್ಲ. ಅವು ಮೊದಲಿನ ಹಾಗೆಯೇ ದರ ನಿರ್ಧರಿಸುತ್ತಿವೆ. ದರ ಏರಿಸಿದ ಕಾರಣವನ್ನು ಕೇಳುವ, ಏನು ಮಾಡಿದರೆ ಉಪಯೋಗ ಎಂದು ತಿಳಿದುಕೊಳ್ಳುವ ಹಕ್ಕು 2023ರ ಕಾನೂನಿನಿಂದ ಮನೆಯವರಿಗೆ ಬಂದಿದೆ. ಒರೆಗಾನ್‌ನಲ್ಲಿ ಮನೆ ಇರುವವರು ಮುಂದಿನ ನವೀಕರಣದ ಪತ್ರ ಬಂದಾಗ ಆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬೇಕು, ಅಂಗಳದ ಫೋಟೊ ಮತ್ತು ಪರಿಶೀಲನೆಯ ಕಾಗದವನ್ನು ಜೊತೆಗಿಟ್ಟು.